ಒಪ್ಪೊತ್ತಿನವು

ಕತ್ತರಿ ಸಿಂಕಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಬಳೆ, ಉಂಗುರ, ವಾಚು, ತಾಯತ, ದಾರ, ಮೊಣಕೈಯಿಂದ ಕೆಳಗೆ ಏನೇ ಇದ್ದರೂ ತೆಗೆದಿಟ್ಟೇ ಲ್ಯಾಬಿನ ಒಳಗೆ ಹೋಗಬೇಕು ಎಂದು ಅದರ ಮೇಲೊಂದು ಕಾಗದ ಅಂಟಿಸಿತ್ತು. ಬರೆದವಳು ವನ್‌ಪೆನ್ನೇ. ಹದಿನಾರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ, ತನ್ನ ದುಂಡು ಅಕ್ಷರದಲ್ಲಿ ಬರೆದದ್ದು.

ಸೋಮವಾರ ಬೆಳಿಗ್ಗೆ ಏಳೂವರೆ. ವನ್‌ಪೆನ್ ಅಂಗಿಯ ತೋಳು ಮಡಿಸಿಕೊಂಡು ಸಿಂಕಿನ ಮುಂದೆ ನಿಂತಿದ್ದಳು. ಎಡಗೈ ಮಣಿಕಟ್ಟಿನಲ್ಲಿ ಬಿಳಿ ಹತ್ತಿ ದಾರದ ಏಳು ಎಳೆ, ಏಳು ಗಂಟು. ಹಿಂದಿನ ದಿನ ಮಧ್ಯಾಹ್ನ ಕಟ್ಟಿದ್ದು. ಮೂರು ದಿನ ತೆಗೆಯಬಾರದು, ಆಮೇಲೂ ಗಂಟು ಬಿಚ್ಚಿಯೇ ತೆಗೆಯಬೇಕು, ಕತ್ತರಿಸುವಂತಿಲ್ಲ. ಖೋನ್‌ಕೇನ್ ಸೀಮೆಯಲ್ಲಿ ಇದು ಹಾಲು ಕುಡಿಯುವ ಮಗುವಿಗೂ ಗೊತ್ತು.

ಅವಳು ಕತ್ತರಿ ತೆಗೆದುಕೊಂಡಳು. ಒಂದು ಅಲಗನ್ನು ದಾರದ ಕೆಳಗೆ ತೂರಿಸಿದಳು. ಹಾಗೇ ನಿಂತಳು. ಆಮೇಲೆ ಕತ್ತರಿಯನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ದಾರಗಳನ್ನು ಮೊಣಕೈ ಕಡೆಗೆ ಸರಿಸಿ, ಮೇಲೊಂದು ಪಟ್ಟಿ ಸುತ್ತಿ, ಸೋಪು ಹಚ್ಚಿ ತೊಳೆದುಕೊಂಡಳು. ಇವಳಿಗೇನು ತಲೆ ಕೆಟ್ಟಿತ್ತೇ ಎಂದು ಯಾರಾದರೂ ಕೇಳಬಹುದು. ಎರಡು ದಿನದ ಮೇಲೆ ಅವಳೂ ಅದನ್ನೇ ಕೇಳಿಕೊಂಡಳು.

ಒಳಗೆ ಬೆಚ್ಚನೆಯ ಪೆಟ್ಟಿಗೆಯಲ್ಲಿ ಆರು ಬಾಟಲಿಗಳಿದ್ದವು. ಆರೂ ಒಬ್ಬನವೇ. ಕಾಂಪುನ್ ಎಂದು ಹೆಸರು, ಐವತ್ತೆಂಟು ವಯಸ್ಸು, ಜಲಾಶಯದಲ್ಲಿ ಬಿದಿರಿನ ಬೋನು ಹಾಕಿ ಮೀನು ಹಿಡಿಯುವವನು. ಪಿತ್ತನಾಳದಲ್ಲಿ ಗಡ್ಡೆ. ಹಸಿಮೀನಿನೊಳಗಿನ ಹುಳದಿಂದ ಬರುವ ಕಾಯಿಲೆ ಅದು. ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ತಿನ್ನುತ್ತಾರೆ. ಆಪರೇಷನ್ನಿನಲ್ಲಿ ಗಡ್ಡೆ ಪೂರ್ತಿ ಬರಲಿಲ್ಲ. ಬಂದದ್ದರಲ್ಲಿ ಕಡಲೆಕಾಳಿನಷ್ಟನ್ನು ನಾಲ್ಕನೇ ಮಹಡಿಗೆ ಕಳಿಸಿದರು. ಅದರೊಳಗೆ ಸಿಕ್ಕಿಕೊಂಡಿದ್ದ ಬಿಳಿ ರಕ್ತಕಣಗಳನ್ನು ಬಿಡಿಸಿ, ಸಾಕಿ, ಸಾವಿರ ಕೋಟಿಯಷ್ಟು ಮಾಡಿ, ಮತ್ತೆ ಅವನ ಮೈಗೇ ಏರಿಸುವುದೆಂದು ವಿಥೂನ್ ಮೇಷ್ಟ್ರು ಹೊರಟಿದ್ದರು. ಬೇರೆ ಔಷಧಿಗಳೆಲ್ಲ ಮುಗಿದಿದ್ದವು. ಆ ಆಸ್ಪತ್ರೆಯಲ್ಲಿ ಇದು ಮೊದಲನೆಯದು.

ಮೇಷ್ಟ್ರು ಡಾಕ್ಟರೂ ಹೌದು, ಪಾಠ ಹೇಳುವವರೂ ಹೌದು. ಗಂಡ ಹೆಂಡತಿಯನ್ನು ಕೂರಿಸಿಕೊಂಡು ತಮಗೆ ಬಂದ ಹಾಗೆ ವಿವರಿಸಿದ್ದರು. "ನಿಮ್ಮ ಸಿಪಾಯಿಗಳು ಗಡ್ಡೆ ಹತ್ರಾನೇ ಇದ್ದಾರೆ. ಸತ್ತಿಲ್ಲ. ಆದ್ರೆ ಅಲ್ಲಿರೋ ಸಕ್ಕರೆಯೆಲ್ಲಾ ಗಡ್ಡೆನೇ ಬಾಚ್ಕೊಂಡು ತಿನ್ನುತ್ತೆ. ಇವರು ಹಸಿದು, ಕೈಲಾಗದೆ ನಿಂತಿದ್ದಾರೆ. ನಾವು ಅವರನ್ನ ಹೊರಗೆ ಕರ್ಕೊಂಡು ಬಂದು ಊಟ ಹಾಕ್ತೀವಿ. ಬಲ ಬಂದ್ಮೇಲೆ ವಾಪಸ್ಸು ಕಳಿಸ್ತೀವಿ."

ಕಾಂಪುನ್‌ನ ಹೆಂಡತಿ ಬುನ್‌ಮಾಗೆ ಬೇರೆ ಏನು ಅರ್ಥವಾಯಿತೋ ಇಲ್ಲವೋ, ಊಟದ ಮಾತು ಮಾತ್ರ ಚೆನ್ನಾಗಿ ನಾಟಿತು. ಮಾರನೆಯ ದಿನವೇ ಕಸ ಗುಡಿಸುವವರನ್ನು ಕೇಳಿಕೊಂಡು ಮೆಟ್ಟಿಲು ಹತ್ತಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ನಾಲ್ಕನೇ ಮಹಡಿಯ ಗಾಜಿನ ಕಿಟಕಿಗೆ ಮೂಗು ಒತ್ತಿ ನಿಂತಿದ್ದಳು. ವನ್‌ಪೆನ್ ಊಟಕ್ಕೆಂದು ಹೊರಬರುವುದೇ ತಡ, ಅಡ್ಡಗಟ್ಟಿದಳು.

"ನೀನೇನಾ ನಮ್ಮವರ ಸಿಪಾಯಿಗಳಿಗೆ ಊಟ ಹಾಕೋಳು?"

ವನ್‌ಪೆನ್‌ಗೆ ನಗು ಬಂತು. "ಹೌದಕ್ಕ, ನಾನೇ."

"ಏನ್ ಹಾಕ್ತೀಯ?"

"ಸಕ್ಕರೆ, ಉಪ್ಪು, ಇನ್ನೊಂದಿಷ್ಟು ಸತ್ವ. ಎಲ್ಲಾ ನೀರಲ್ಲಿ ಕರಗಿಸಿ."

"ಮೀನು?"

"ಇಲ್ಲಕ್ಕ."

"ಅಯ್ಯೋ ನಿನ್ನ! ಮೀನಿಲ್ದೆ ಆ ಮನುಷ್ಯಂಗೆ ತುತ್ತು ಇಳಿಯಲ್ಲ ಕಣೇ. ಅವನ ಸಿಪಾಯಿಗಳಿಗೆ ಇಳಿಯುತ್ತಾ?"

"ಮೀನಿಂದಲೇ ಅಲ್ವೇನಕ್ಕ ಇಷ್ಟೆಲ್ಲಾ ಆಗಿದ್ದು?"

"ಅದೂ ಸರಿ ಅನ್ನು." ಬುನ್‌ಮಾ ಮೆಟ್ಟಿಲ ಮೇಲೆ ಕೂತೇಬಿಟ್ಟಳು. "ಬೇಯ್ಸಿ ತಿನ್ನಯ್ಯಾ ಅಂತ ಎಷ್ಟು ಬಡ್ಕೊಂಡೆ. ಬೇಯ್ಸಿದ್ದು ಹೆಂಗಸ್ರಿಗೆ ಅಂತಿದ್ದ. ಈಗ ಮಲಗವ್ನೆ ನೋಡು, ಅರಿಶಿನ ಬಳ್ಕೊಂಡಂಗೆ."

ಅಂದಿನಿಂದ ದಿನಾ ಮಧ್ಯಾಹ್ನ ಅಂಟಕ್ಕಿ ಅನ್ನದ ಬಿದಿರುಬುಟ್ಟಿ ಹಿಡಿದು ಅವಳು ಬರುವುದು, ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿನ್ನುವುದು ಆಯಿತು. ಕುಟ್ಟಿದ ಪಪ್ಪಾಯಿಕಾಯಿ, ಒಣಮೀನು, ಒಂದೊಂದು ದಿನ ಸುಟ್ಟ ಮೆಣಸಿನಕಾಯಿಯ ಚಟ್ನಿ. ಹದಿನಾರು ವರ್ಷ ವನ್‌ಪೆನ್ ಅದೇ ಮೆಟ್ಟಿಲ ಮೇಲೆ ಒಬ್ಬಳೇ ಊಟ ಮಾಡಿದ್ದಳು. ಬಾಟಲಿಗಳಿಗೆ ಹಬ್ಬವಿಲ್ಲ, ಭಾನುವಾರವಿಲ್ಲ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸದಿದ್ದರೆ ಸಾಯುತ್ತವೆ. ಉಳಿದವರೆಲ್ಲ ಊರಿಗೆ ಹೋಗುವಾಗ ಅವಳು ಉಳಿಯುತ್ತಿದ್ದಳು. ಮೊದಮೊದಲು ಪಾಪ ಎಂದರು. ಆಮೇಲೆ ಅವಳಿಗೆ ಅಭ್ಯಾಸವಾಗಿದೆ ಎಂದರು.

"ಮನೇಲಿ ಯಾರ್ಯಾರಿದ್ದೀರ?" ಬುನ್‌ಮಾ ಒಮ್ಮೆ ಕೇಳಿದಳು.

"ಯಾರೂ ಇಲ್ಲಕ್ಕ."

"ಯಾರೂ ಅಂದ್ರೆ?"

"ಯಾರೂ ಅಂದ್ರೆ ಯಾರೂ. ಅಮ್ಮ ಹೋಗಿ ಹನ್ನೊಂದು ವರ್ಷ ಆಯ್ತು."

ಬುನ್‌ಮಾ ಅಯ್ಯೋ ಪಾಪ ಎನ್ನಲಿಲ್ಲ. ಬುಟ್ಟಿಯಿಂದ ದೊಡ್ಡದೊಂದು ಅನ್ನದ ಉಂಡೆ ಮುರಿದು ಅವಳ ಕೈಗಿಟ್ಟಳು. "ತಿನ್ನು. ಕೋಳಿ ಕುಕ್ಕಿದಂಗೆ ಕುಕ್ತೀಯಲ್ಲ, ಗಾಳಿ ಬಂದ್ರೆ ಹಾರ್ಕೊಂಡ್ ಹೋಗ್ತೀಯ."

ಗಾಜಿನಾಚೆಯಿಂದ ಬಾಟಲಿಗಳನ್ನು ತೋರಿಸು ಎಂದು ಹಟ ಹಿಡಿದಾಗ ವನ್‌ಪೆನ್ ತೋರಿಸಿದಳು. ನಾಲ್ಕು ಬಾಟಲಿಯ ನೀರು ಎರಡೇ ದಿನದಲ್ಲಿ ಕೆಂಪಿನಿಂದ ಹಳದಿಗೆ ತಿರುಗುತ್ತಿತ್ತು. ಸಕ್ಕರೆ ತಿಂದು ಹುಳಿ ಬಿಡುತ್ತಿವೆ, ಚೆನ್ನಾಗಿ ಬೆಳೆಯುತ್ತಿವೆ ಎಂದು ಅದರ ಅರ್ಥ. ಇವು ಹೊಟ್ಟೆಬಾಕಗಳು. ಉಳಿದೆರಡು ಬಾಟಲಿಗೆ ಸಕ್ಕರೆ ಕಡಿಮೆ, ಮೂರು ದಿನಕ್ಕೊಮ್ಮೆ ಮಾತ್ರ ಹೊಸ ನೀರು. ಅವುಗಳ ಬಣ್ಣ ಬದಲಾದರೂ ಗೊತ್ತಾಗುತ್ತಿರಲಿಲ್ಲ. ಅವಕ್ಕೆ ವನ್‌ಪೆನ್ ಒಪ್ಪೊತ್ತಿನವು ಎಂದು ಹೆಸರಿಟ್ಟಿದ್ದಳು.

"ಅದ್ಯಾಕೆ ಆ ಎರಡಕ್ಕೆ ಮಲತಾಯಿ ಬುದ್ಧಿ ತೋರಿಸ್ತೀಯ?"

"ಗಡ್ಡೆ ಹತ್ರ ಸಕ್ಕರೆ ಸಿಗಲ್ವಲ್ಲಕ್ಕ. ಇಲ್ಲಿ ಹೊಟ್ಟೆ ತುಂಬಾ ತಿಂದು ಬೆಳೆದವು ಅಲ್ಲಿಗೆ ಹೋಗಿ ಎರಡೇ ದಿನಕ್ಕೆ ಸುಸ್ತಾಗ್ತವೆ. ಒಪ್ಪೊತ್ತು ತಿಂದು ಬೆಳೆದವು ಕೊಬ್ಬನ್ನ ಉರಿಸ್ಕೊಂಡು ಬದುಕೋದು ಕಲ್ತಿರ್ತವೆ. ನಿಧಾನ, ಆದ್ರೆ ತಡ್ಕೋತವೆ. ಹಾಗಂತ ಮೇಷ್ಟ್ರ ನಂಬಿಕೆ. ಖಾತ್ರಿ ಇಲ್ಲ, ಅದಕ್ಕೇ ಎರಡೇ ಬಾಟಲಿ."

ಬುನ್‌ಮಾ ಬಾಟಲಿಯನ್ನೂ ವನ್‌ಪೆನ್‌ಳನ್ನೂ ಒಮ್ಮೆ ನೋಡಿ, "ನಿನ್ ಜಾತಿಯವು ಅನ್ನು" ಎಂದಳು. ಇಬ್ಬರೂ ನಕ್ಕರು.

ಮುಂದಿನ ಸೋಮವಾರ ಆರು ಬಾಟಲಿಯನ್ನೂ ಒಟ್ಟು ಮಾಡಿ ಏರಿಸುವುದೆಂದು ನಿಶ್ಚಯವಾಯಿತು. ಅದಕ್ಕೆ ಎಂಟು ದಿನ ಮುಂಚೆ, ಭಾನುವಾರ ಮಧ್ಯಾಹ್ನ, ಬುನ್‌ಮಾ ಎರಡನೇ ಮಹಡಿಯ ವಾರ್ಡಿನ ಹೊರಗೆ ಚಾಪೆ ಹಾಸಿದಳು. ಊರಿನಿಂದ ಖ್ವಾನ್ ಕರೆಯುವ ತಾತ ಬಂದಿದ್ದ. ಮನುಷ್ಯನ ಮೈಯಲ್ಲಿ ಖ್ವಾನ್ ಎಂಬ ಮೂವತ್ತೆರಡು ಜೀವಚೇತನಗಳು ನೆಲೆಸಿರುತ್ತವೆ. ಒಂದು ಹೆದರಿ ಎಲ್ಲಾದರೂ ಓಡಿದರೂ ಸಾಕು, ಮೈ ಸೊರಗುತ್ತದೆ. ಕರೆದು ಕೂರಿಸಿ, ಮಣಿಕಟ್ಟಿಗೆ ದಾರ ಕಟ್ಟಿ ನಿಲ್ಲಿಸಿಕೊಳ್ಳಬೇಕು. ಬುನ್‌ಮಾ ವನ್‌ಪೆನ್‌ಳ ರಟ್ಟೆ ಹಿಡಿದು ಕೆಳಗೆ ಎಳೆದುಕೊಂಡು ಬಂದಿದ್ದಳು. "ಅವನದ್ದು ಒಂದೆರಡು ನಿನ್ನ ಪೆಟ್ಟಿಗೇಲಿ ಅವೆ. ನೀನಿಲ್ದೆ ಹೆಂಗೆ?"

ಬಾಳೆಎಲೆಯ ಗೋಪುರ, ಬೇಯಿಸಿದ ಮೊಟ್ಟೆ, ಹೂವು, ಬುನ್‌ಮಾ ಮನೆಯಲ್ಲಿ ತಾನೇ ನೂತು ತಂದಿದ್ದ ದಾರದ ಉಂಡೆ. ತಾತ ಕಣ್ಣು ಮುಚ್ಚಿ ರಾಗ ಎಳೆದ. "ಬಾರಪ್ಪ ಖ್ವಾನ್, ಬಾ. ನೀರಲ್ಲಿದ್ರೆ ನೀರಿಂದ ಬಾ, ಬೋನಲ್ಲಿದ್ರೆ ಬೋನಿಂದ ಬಾ..."

"ನಾಕನೇ ಮಹಡೀನೂ ಹೇಳು ತಾತ," ಎಂದಳು ಬುನ್‌ಮಾ.

"ನಾಕನೇ ಮಹಡಿ ಪೆಟ್ಟಿಗೇಲಿದ್ರೆ, ಮೆಟ್ಲಿಳ್ಕೊಂಡು ಬಾ!"

ಎಲ್ಲರೂ ನಕ್ಕರು. ಗಾಲಿಕುರ್ಚಿಯಲ್ಲಿದ್ದ ಕಾಂಪುನ್ ಹೊಟ್ಟೆ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕ. ಅವನಿಗೆ ಕಟ್ಟಿದ ಮೇಲೆ ತಾತ ವನ್‌ಪೆನ್ ಕಡೆ ತಿರುಗಿ, "ದಾರಿ ತೋರಿಸ್ಕೊಂಡು ಕರ್ಕಂಡ್ ಬರೋಳು ನೀನೇ, ಕೈ ಕೊಡವ್ವ" ಎಂದ.

ತಾತ ಒಂದು ಎಳೆ ಕಟ್ಟಿದ, ಬುನ್‌ಮಾ ಒಂದು, ಅವಳ ನಾದಿನಿ, ಪಕ್ಕದ ಹಾಸಿಗೆಯವನ ತಾಯಿ, ಹೀಗೆ ಏಳು ಜನ. ಒಬ್ಬರು ಕಟ್ಟುವಾಗ ಉಳಿದವರು ಅವಳ ಮೊಣಕೈ ಕೆಳಗೆ ಕೈ ಕೊಟ್ಟು ಹಿಡಿದಿದ್ದರು. ಬಿಸಿ ಅಂಗೈಗಳು, ಒರಟು ಬೆರಳುಗಳು. ದಿನವಿಡೀ ಗ್ಲೌಸಿನಲ್ಲಿರುವ ಕೈ ಅದು. ಅಮ್ಮ ಹೋದ ಮೇಲೆ ಯಾರೂ ಅದನ್ನು ಹಿಡಿದಿರಲಿಲ್ಲ, ವನ್‌ಪೆನ್ ಅದನ್ನು ಲೆಕ್ಕಕ್ಕೂ ತೆಗೆದುಕೊಂಡಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಅಳು ಬಂದುಬಿಟ್ಟಿತು. ನಾಚಿಕೆಯಿಂದ ಮುಖ ತಗ್ಗಿಸಿದಳು.

"ಅಳಬ್ಯಾಡ್ವೇ," ಬುನ್‌ಮಾ ಸೆರಗಿನಂತಿದ್ದ ಹೊದಿಕೆಯ ತುದಿಯಿಂದ ಅವಳ ಕೆನ್ನೆ ಒರೆಸಿದಳು. "ಖ್ವಾನ್ ಹೆದರ್ಕೊಂಡ್ ಓಡುತ್ತೆ. ಇವತ್ತಿಂದ ನೀನು ನಮ್ಮೋಳು. ಬುಧವಾರ ಸಂಜೆಗಂಟ ಮುಟ್ಟಬ್ಯಾಡ, ತಿಳೀತಾ? ಆಮೇಲೆ ನಾನೇ ಬಂದು ಬಿಚ್ತೀನಿ."

ಸೋಮವಾರ ಬೆಳಿಗ್ಗೆ ಕತ್ತರಿ ದಾರದ ಕೆಳಗೆ ನಿಂತಾಗ ಅವಳ ಕಿವಿಯಲ್ಲಿದ್ದದ್ದು ಈ ಮಾತು.

ಅಂದು ಹೊಟ್ಟೆಬಾಕಗಳ ಸರದಿ. ನಾಲ್ಕು ಬಾಟಲಿಗೂ ಹೊಸ ನೀರು ಹಾಕಿ, ಕೊನೆಯದರ ಮುಚ್ಚಳ ತಿರುಗಿಸುವಾಗ ಕಣ್ಣಿಗೆ ಬಿತ್ತು: ಗ್ಲೌಸಿಗೂ ನಿಲುವಂಗಿಯ ತೋಳಿಗೂ ನಡುವೆ ದಾರದ ಒಂದು ತುದಿ ಇಣುಕುತ್ತಿತ್ತು, ಒದ್ದೆಯಾಗಿ. ಯಾವಾಗ ಹೊರಬಂತೋ ಗೊತ್ತಿಲ್ಲ. ಅದನ್ನು ಒಳಗೆ ತುರುಕಿ, ಗ್ಲೌಸಿಗೆ ಸ್ಪಿರಿಟ್ಟು ಹೊಡೆದುಕೊಂಡು, ಏನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮಂಗಳವಾರ, ರಜೆ ಹಾಕಿದವಳಂತೆ, ನಿಶ್ಚಿಂತಳಾಗಿ ಬುನ್‌ಮಾ ಜೊತೆ ಕೂತು ಅನ್ನ ತಿಂದಳು. ನಿಶ್ಚಿಂತೆ ಎಂದರೂ ಎರಡು ಸಲ ಎದ್ದು ಹೋಗಿ ಪೆಟ್ಟಿಗೆಯ ಗಾಜಿನಿಂದ ಇಣುಕಿ ಬಂದಳು.

ಬುಧವಾರ ಮೊದಲ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಹಳದಿ ಬಣ್ಣ ಬರಬೇಕಾದಂತೆ ಬಂದಿತ್ತು. ತಳದಲ್ಲಿ ಮಾತ್ರ ಬೆಳ್ಳಗೆ ಏನೋ ಕೂತಿತ್ತು, ಎಕ್ಕದ ಹತ್ತಿಯ ಎಳೆಯಷ್ಟು. ಎರಡನೆಯದು. ಮೂರನೆಯದು. ನಾಲ್ಕನೆಯದರಲ್ಲೂ ಅದೇ. ಮೈಕ್ರೋಸ್ಕೋಪಿನಲ್ಲಿ ಕವಲೊಡೆದ ಎಳೆಗಳು, ಅವುಗಳ ನಡುವೆ ಸಿಕ್ಕಿಕೊಂಡ ದುಂಡುದುಂಡು ಕಣಗಳು. ಬೂಷ್ಟು. ಇನ್ನು ಯಾವ ಮನುಷ್ಯನ ರಕ್ತಕ್ಕೂ ಅವನ್ನು ಹಾಕುವಂತಿರಲಿಲ್ಲ.

ವಿಥೂನ್ ಮೇಷ್ಟ್ರು ಬಂದು ನೋಡಿದರು. ಕೂಗಾಡುವ ಮನುಷ್ಯ ಅಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಗಾಳಿ ಫಿಲ್ಟರ್ರೇ ಇರಬೇಕು. ಹೋದ ತಿಂಗಳೇ ಬದಲಾಯಿಸಬೇಕಿತ್ತು, ನಾನೇ ತಡ ಮಾಡಿದೆ. ಹಾಗಂತ ಬರ್ಕೊಳ್ಳಿ."

ಬರೆದುಕೊಂಡಿದ್ದರೆ ಮುಗಿಯುತ್ತಿತ್ತು. ವನ್‌ಪೆನ್ ಪೆನ್ನು ಹಿಡಿದಳು, ಕೆಳಗಿಟ್ಟಳು, ತೋಳು ಸರಿಸಿ ಕೈ ಚಾಚಿದಳು.

ಮೇಷ್ಟ್ರು ಆ ದಾರಗಳನ್ನು ನೋಡಿದರು. "ಕತ್ತರಿ ಅಲ್ಲೇ ಇತ್ತಲ್ಲ, ವನ್‌ಪೆನ್."

"ಇತ್ತು ಸರ್."

"ಇದನ್ನೆಲ್ಲಾ ನಂಬ್ತೀರಾ ನೀವು?"

"ಗೊತ್ತಿಲ್ಲ ಸರ್. ಅಷ್ಟಾಗಿ ಇಲ್ಲ."

"ಮತ್ತೆ ಯಾಕೆ?"

ಉತ್ತರ ಅವಳಿಗೆ ಗೊತ್ತಿತ್ತು. ಮೇಷ್ಟ್ರ ಮುಂದೆ ಹೇಳುವಂಥದ್ದಾಗಿರಲಿಲ್ಲ. ಅವರು ಸಿಂಕಿನ ಹತ್ತಿರ ಹೋಗಿ ಕತ್ತರಿ ತಂದರು. ಅವರೂ ಆ ಸೀಮೆಯವರೇ. "ಕ್ಷಮಿಸಿ," ಎಂದು ಮೆಲ್ಲಗೆ ಹೇಳಿ, ಏಳು ಎಳೆಯನ್ನೂ ಒಟ್ಟಿಗೆ ಕತ್ತರಿಸಿ, ಯಾವ ಬೂಷ್ಟು ಬೆಳೆಯುತ್ತದೆಂದು ನೋಡಲು ಒಂದು ಗಾಜಿನ ತಟ್ಟೆಗೆ ಹಾಕಿ ಮುಚ್ಚಿದರು.

"ಆ ಎರಡು ಬಾಟಲಿ?"

"ಅವನ್ನ ಮುಟ್ಟಿದ್ದು ಭಾನುವಾರ ಬೆಳಿಗ್ಗೆ. ದಾರ ಕಟ್ಟೋಕೆ ಮುಂಚೆ. ಶುದ್ಧವಾಗಿವೆ. ಆದ್ರೆ ಬೇಕಾದ್ದರಲ್ಲಿ ಹತ್ತನೇ ಒಂದು ಪಾಲೂ ಇಲ್ಲ ಸರ್."

"ಎಷ್ಟು ದಿನ ಬೇಕು?"

"ಹದಿನೆಂಟು."

ಮೇಷ್ಟ್ರು ಕಾಂಪುನ್‌ನ ರಕ್ತದ ವರದಿ ತೆರೆದು ನೋಡಿ ಮುಚ್ಚಿದರು. "ಹದಿನೆಂಟು ದಿನ ಅವರು ತಡ್ಕೋಬೇಕಲ್ಲ," ಎಂದರು. "ನಾನು ಕೆಳಗೆ ಹೋಗಿ ಹೇಳ್ತೀನಿ."

"ಬೇಡಿ ಸರ್. ನಾನೇ ಹೇಳ್ತೀನಿ."

ಎರಡು ಮಹಡಿ ಇಳಿಯುವಷ್ಟರಲ್ಲಿ ಹೇಳಬೇಕಾದ್ದನ್ನು ಜೋಡಿಸಿಕೊಂಡಳು. ದಾರದಿಂದ ಆಯಿತು ಅಕ್ಕ, ನಾನು ತೆಗೆಯಬೇಕಿತ್ತು, ತೆಗೆಯಲಿಲ್ಲ, ನೀವೆಲ್ಲ ಕೈ ಹಿಡಿದಿರಿ, ಅದಕ್ಕೇ ಮನಸ್ಸು ಬರಲಿಲ್ಲ. ಬುನ್‌ಮಾ ವಾರ್ಡಿನ ಹೊರಗಿನ ಚಾಪೆಯ ಮೇಲೆ ಕೂತು, ಉಳಿದ ದಾರವನ್ನು ಉಂಡೆ ಸುತ್ತುತ್ತಿದ್ದಳು. ನೋಡಿದ್ದೇ ಮುಖ ಅರಳಿತು.

"ಬಾರೇ ಬಾ! ಸಂಜೆ ನಾನೇ ಬರ್ತಿದ್ನಲ್ಲ."

"ಅಕ್ಕ, ನಾಲ್ಕು ಬಾಟಲಿ ಹಾಳಾದವು. ಬೂಷ್ಟು ಬಂತು. ಈ ಸೋಮವಾರ ಕೊಡೋಕಾಗಲ್ಲ. ಇನ್ನೂ ಹದಿನೆಂಟು ದಿನ ಆಗುತ್ತೆ. ತಪ್ಪು ನಂದು."

ಬುನ್‌ಮಾ ಸುತ್ತುವುದು ನಿಲ್ಲಿಸಿದಳು. "ಎಲ್ಲಿಂದ ಬಂತು ಬೂಷ್ಟು?"

ವನ್‌ಪೆನ್ ಬಾಯಿ ತೆರೆದಳು. ಬುನ್‌ಮಾಳ ಬೆರಳ ಸುತ್ತ ಆ ದಾರ ಇತ್ತು. ರಾತ್ರಿಯೆಲ್ಲ ಕೂತು, ಗಂಡ ಬದುಕಲಿ ಎಂದು ತಾನೇ ನೂತದ್ದು. ಹೇಳಿದರೆ ಈ ಹೆಂಗಸು ಅದನ್ನು ಊರಿಗೆ ಹೊತ್ತುಕೊಂಡು ಹೋಗುತ್ತಾಳೆ. ಗಂಡ ಸತ್ತರೆ ತನ್ನ ದಾರದಿಂದಲೇ ಸತ್ತ ಎಂದು ಸಾಯುವವರೆಗೆ ಹೊರುತ್ತಾಳೆ.

ಅಷ್ಟರಲ್ಲಿ ಬುನ್‌ಮಾಳ ಕಣ್ಣು ಅವಳ ಮಣಿಕಟ್ಟಿನ ಮೇಲೆ ಬಿತ್ತು.

"ದಾರ ಎಲ್ಲಿ?"

ವನ್‌ಪೆನ್ ಕೋಟಿನ ತೋಳನ್ನು ಕೆಳಗೆ ಎಳೆದುಕೊಂಡಳು.

"ದಾರ ಎಲ್ಲೇ? ಇನ್ನೂ ಸಂಜೆ ಆಗಿಲ್ಲ!"

"ತೆಗೆದೆ ಅಕ್ಕ."

"ಯಾವಾಗ?"

"ಸೋಮವಾರ ಬೆಳಿಗ್ಗೆ. ಕೈ ತೊಳೆಯುವಾಗ." ಒಂದು ಕ್ಷಣ ತಡೆದು ಹೇಳಿದಳು, "ಕತ್ತರೀಲಿ."

"ಕತ್ತರೀಲಿ!" ಬುನ್‌ಮಾ ಎದ್ದು ನಿಂತಳು. ಉಂಡೆ ಉರುಳಿಕೊಂಡು ಹೋಯಿತು. "ಮೂರೇ ದಿನ ಕಣೇ! ಮೂರು ದಿನ ಇಟ್ಕೊಳ್ಳಕ್ಕೆ ನಿನ್ ಕೈಗೇನು ರೋಗ ಬಂದಿತ್ತು? ತಂಗಿ ಅಂತ ಕಟ್ಟಿದ್ನಲ್ಲೇ ನಾನು! ದಾರಿ ತೋರ್ಸೋಳೇ ಕತ್ತರಿಸಿ ಬಿಸಾಕಿದ್ರೆ ಅವು ಹೆಂಗ್ ಉಳೀತವೆ? ಬೂಷ್ಟು ಬರ್ದೆ ಇನ್ನೇನ್ ಬರುತ್ತೆ?"

ವಾರ್ಡಿನವರೆಲ್ಲ ತಿರುಗಿ ನೋಡಿದರು. ವನ್‌ಪೆನ್ ಕೈ ಮುಗಿದು ತಲೆ ಬಗ್ಗಿಸಿದಳು.

"ಹೋಗು. ನನ್ ಕಣ್ಮುಂದೆ ನಿಲ್ಲಬ್ಯಾಡ, ಹೋಗು."

ಅವಳು ಮೆಟ್ಟಿಲು ಹತ್ತತೊಡಗಿದಳು. ತಾನು ಹೇಳಿದ್ದು ಸುಳ್ಳು ಎಂದು ಓಡಿಹೋಗಿ ಹೇಳಿಬಿಡಬೇಕೆಂದು ಮೂರನೇ ಮಹಡಿಯಲ್ಲೊಮ್ಮೆ ನಿಂತಳು. ಆಮೇಲೆ ಉಳಿದ ಮೆಟ್ಟಿಲನ್ನೂ ಹತ್ತಿದಳು. ಒಪ್ಪೊತ್ತಿನವಕ್ಕೆ ಅಂದೇ ನೀರು ಬದಲಾಯಿಸಬೇಕಿತ್ತು.

ಹದಿನೆಂಟು ದಿನ. ಗಾಜಿನ ಕಿಟಕಿಯಲ್ಲಿ ಯಾರ ಮುಖವೂ ಕಾಣಲಿಲ್ಲ. ಗಾಜಿನ ತಟ್ಟೆಯಲ್ಲಿದ್ದ ದಾರದ ಸುತ್ತ ದಟ್ಟ ಬಿಳಿ ಬೂಷ್ಟು ಬೆಳೆದು, ಬಾಟಲಿಗಳಲ್ಲಿದ್ದದ್ದೂ ಅದೇ ಎಂದು ಖಚಿತವಾದ ಮೇಲೆ ಮೇಷ್ಟ್ರು ಅದನ್ನು ಸುಡಲು ಕಳಿಸಿದರು. ಹೊಸ ವರ್ಷದ ಹಬ್ಬ ಬಂತು. ಬೀದಿಯಲ್ಲಿ ಜನ ಒಬ್ಬರ ಮೇಲೊಬ್ಬರು ನೀರೆರಚಿಕೊಂಡು ಕೂಗಾಡಿದರು. ಕಟ್ಟಡದಲ್ಲಿ ಅವಳೊಬ್ಬಳೇ ಇದ್ದಳು. ದಿನಾ ಬೆಳಿಗ್ಗೆ ಎರಡನೇ ಮಹಡಿಗೆ ಫೋನು ಮಾಡಿ, "ಏಳನೇ ಹಾಸಿಗೆ ಹೇಗಿದ್ದಾರೆ?" ಎಂದು ಕೇಳುತ್ತಿದ್ದಳು.

"ಇದ್ದಾರೆ," ಎನ್ನುತ್ತಿದ್ದಳು ನರ್ಸು. ಒಂದೊಂದು ದಿನ, "ಇದ್ದಾರೆ ಅಕ್ಕ, ಆದ್ರೆ ತುಂಬಾ ಹಳದಿ."

ಎರಡು ಬಾಟಲಿ ನಾಲ್ಕಾದವು, ನಾಲ್ಕು ಎಂಟಾದವು. ನೀರಿನ ಬಣ್ಣ ಅಷ್ಟೇನೂ ಬದಲಾಗುತ್ತಿರಲಿಲ್ಲ. ಆ ಕಣಗಳು ಅವಸರವಿಲ್ಲದೆ, ಇದ್ದುದರಲ್ಲೇ ಹೊಂದಿಸಿಕೊಂಡು, ಒಂದು ಎರಡಾಗುತ್ತಿದ್ದವು. ಹದಿನೆಂಟನೆಯ ದಿನ ಎಣಿಸಿದಾಗ ಸಂಖ್ಯೆ ಸರಿಯಾಗಿತ್ತು. ಅವಳು ಇನ್ನೊಮ್ಮೆ ಎಣಿಸಿದಳು.

ಚೀಲವನ್ನು ತಣ್ಣಗಾಗದ ಹಾಗೆ ಕೋಟಿನೊಳಗೆ ಎದೆಗೆ ಆನಿಸಿಕೊಂಡು ಕೆಳಗೆ ಹೋದಳು. ಕಾಂಪುನ್ ಅರ್ಧದಷ್ಟಾಗಿದ್ದ. ಮೇಷ್ಟ್ರು ಚೀಲ ತೆಗೆದುಕೊಂಡು ಕಂಬಕ್ಕೆ ತೂಗುಹಾಕಿದರು. ಬುನ್‌ಮಾ ಗಂಡನ ಕಾಲು ಒತ್ತುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಯಾರದು?" ಕಾಂಪುನ್ ಕಣ್ಣು ಕಿರಿದು ಮಾಡಿ ಕೇಳಿದ.

"ಮೇಲಿನೋಳು," ಎಂದಳು ಬುನ್‌ಮಾ, ತಿರುಗದೆ. "ಊಟ ಹಾಕೋಳು."

ಅವನು ಕೈ ಎತ್ತಿದ. ಆ ಮಣಿಕಟ್ಟಿನಲ್ಲಿ ದಾರಗಳು ಇನ್ನೂ ಇದ್ದವು, ಬೆವರಿಗೆ ಮಣ್ಣಿನ ಬಣ್ಣಕ್ಕೆ ತಿರುಗಿ. ಚೀಲದ ಕಡೆ ಬೆರಳು ತೋರಿಸಿ, "ಬೇಯ್ಸಿದ್ದಾ, ಹಸೀದಾ?" ಎಂದ.

"ಹಸೀದೇ ಅಣ್ಣ," ಎಂದಳು ವನ್‌ಪೆನ್.

"ಹಂಗಾದ್ರೆ ಸರಿ."

ಬುನ್‌ಮಾಳ ಬಾಯಿ ನಗುವುದಕ್ಕೆ ಹೊರಟು ಅಲ್ಲೇ ನಿಂತಿತು. ಮೊದಲ ಹನಿ ಕೊಳವೆಯಲ್ಲಿ ಇಳಿಯುವವರೆಗೆ ವನ್‌ಪೆನ್ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಮೇಲೆ ಬಂದಳು.

ಪೆಟ್ಟಿಗೆ ಖಾಲಿಯಿತ್ತು. ಆದರೂ ಸಿಂಕಿನ ಮುಂದೆ ನಿಂತು ತೋಳು ಮಡಿಸಿ, ಮೊಣಕೈವರೆಗೆ ಸೋಪು ಹಚ್ಚಿ, ಎಡ ಮಣಿಕಟ್ಟನ್ನು ಎರಡು ಸಲ ತೊಳೆದು ಒರೆಸಿಕೊಂಡಳು. ಆಗ ನೆನಪಾಯಿತು, ಇವತ್ತು ಯಾರಿಗೂ ಊಟ ಹಾಕುವುದಿಲ್ಲ. ತನ್ನ ಬುತ್ತಿ ತೆಗೆದುಕೊಂಡು ಮೆಟ್ಟಿಲಿಗೆ ಹೋದಳು. ಹದಿನಾರು ವರ್ಷ ನಡುಮಧ್ಯೆ ಕೂರುತ್ತಿದ್ದ ಮೆಟ್ಟಿಲು ಅದು. ಅವಳು ಗೋಡೆ ಕಡೆಗೆ ಸರಿದು, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ಬುತ್ತಿಯ ಮುಚ್ಚಳ ತೆಗೆದಳು.